ಐವಿಎಫ್‌ಗೆ ಹೊರಡುವ ಮುನ್ನ

ಮದುವೆಯಾಗಿ ಒಂದು ವರ್ಷ ಕಳೆಯುವಷ್ಟರಲ್ಲಿ "ವಿಶೇಷವೇನಾದರೂ ಇದೆಯಾ?" ಎಂಬ ಪ್ರಶ್ನೆ ಶುರುವಾಗುತ್ತದೆ. ಮೂರು ವರ್ಷವಾದರೆ ಪ್ರಶ್ನೆಯ ಜಾಗಕ್ಕೆ ಸಲಹೆ ಬರುತ್ತದೆ. ಐದು ವರ್ಷವಾದರೆ ಕೆಲವು ಮನೆಗಳಲ್ಲಿ ಎರಡನೇ ನಿಕಾಹ್‌ನ ಮಾತೂ ಕೇಳಿಬರುತ್ತದೆ. ಇಷ್ಟೆಲ್ಲ ಆಗುವಾಗಲೂ ಎಷ್ಟೋ ಮನೆಗಳಲ್ಲಿ ಗಂಡನ ವೀರ್ಯ ಪರೀಕ್ಷೆಯೇ ಆಗಿರುವುದಿಲ್ಲ!

ಗರ್ಭನಿರೋಧಕವಿಲ್ಲದೆ ಒಂದು ವರ್ಷ ಕೂಡಿ ಬಾಳಿದ ಮೇಲೂ ಗರ್ಭ ನಿಲ್ಲದಿದ್ದರೆ ತಪಾಸಣೆ ಮಾಡಿಸಬೇಕು. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ ಹೋಗಿ. ಜಗತ್ತಿನಲ್ಲಿ ಆರರಲ್ಲಿ ಒಬ್ಬರು ಜೀವನದ ಯಾವುದೋ ಹಂತದಲ್ಲಿ ಈ ತೊಂದರೆ ಎದುರಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಇದರಲ್ಲಿ ಗಂಡಸಿನ ಪಾಲು ಸಣ್ಣದಲ್ಲ. ಯುನಾನಿಯಲ್ಲಿ ಬಂಜೆತನಕ್ಕೆ 'ಉಕ್ರ್' ಎನ್ನುತ್ತೇವೆ. ಸಾವಿರ ವರ್ಷಗಳ ಹಿಂದೆಯೇ ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್'ನಲ್ಲಿ ಇದರ ಕಾರಣಗಳನ್ನು ಗಂಡು, ಹೆಣ್ಣು ಇಬ್ಬರಲ್ಲೂ ಹುಡುಕಿದ್ದರು. ನಾವು ಇನ್ನೂ ಸೊಸೆಯಲ್ಲಿ ಮಾತ್ರ ಹುಡುಕುತ್ತಿದ್ದೇವೆ.

ಯುನಾನಿ ವೈದ್ಯೆಯಾಗಿ ಒಂದು ಮಾತು ನೇರವಾಗಿ ಹೇಳುತ್ತೇನೆ. ತೂಕ ಇಳಿಸಿ, ಆಹಾರ, ನಿದ್ದೆ ಸರಿಪಡಿಸಿದರೆ ಪಿಸಿಒಎಸ್ ಇರುವ ಅನೇಕರಿಗೆ ಮುಟ್ಟು ಕ್ರಮಕ್ಕೆ ಬರುತ್ತದೆ. ಆದರೆ ಎರಡೂ ಕಡೆ ಮುಚ್ಚಿದ ಗರ್ಭನಾಳವನ್ನು ಯಾವ ಮಾಜೂನ್ ಕೂಡ ತೆರೆಯುವುದಿಲ್ಲ. ನಮ್ಮ ದೇಶದಲ್ಲಿ ನಾಳ ಮುಚ್ಚಲು ಜನನಾಂಗದ ಕ್ಷಯವೂ ಒಂದು ಮುಖ್ಯ ಕಾರಣ. ಅದನ್ನು ಪರೀಕ್ಷಿಸದೆ ವರ್ಷಗಟ್ಟಲೆ ಕಷಾಯ ಕುಡಿದರೆ ವಯಸ್ಸು ಕಳೆಯುತ್ತದೆ, ಅಷ್ಟೇ. ಐವಿಎಫ್ ಶುರುವಾದ ಮೇಲೆ ನನ್ನಂಥವರು ಕೊಟ್ಟ ಔಷಧಿಯನ್ನೂ ಅಲ್ಲಿನ ವೈದ್ಯರಿಗೆ ತೋರಿಸಿ, ಅವರು ಬೇಡವೆಂದರೆ ನಿಲ್ಲಿಸಿ. ಲೋಹದ ಭಸ್ಮಗಳಿರುವ ಕುಶ್ತಾಗಳಂತೂ ಆ ದಿನಗಳಲ್ಲಿ ಬೇಡವೇ ಬೇಡ.

ಐವಿಎಫ್‌ನಲ್ಲಿ ನಡೆಯುವುದೇನು? ಸಾಮಾನ್ಯವಾಗಿ ತಿಂಗಳಿಗೊಂದು ಅಂಡ ಬಲಿಯುತ್ತದೆ. ಹಲವು ಅಂಡಗಳು ಒಟ್ಟಿಗೆ ಬಲಿಯಲೆಂದು ಹತ್ತು ಹನ್ನೆರಡು ದಿನ ಹಾರ್ಮೋನು ಚುಚ್ಚುಮದ್ದು ಕೊಡುತ್ತಾರೆ, ನಡುನಡುವೆ ಸ್ಕ್ಯಾನ್ ಮಾಡುತ್ತಾರೆ. ಕೊನೆಯ ಚುಚ್ಚುಮದ್ದಿನ 34ರಿಂದ 36 ಗಂಟೆಗಳ ನಂತರ ಮಂಪರು ಕೊಟ್ಟು ಸೂಜಿಯಿಂದ ಅಂಡ ತೆಗೆಯುತ್ತಾರೆ. ಪ್ರಯೋಗಾಲಯದಲ್ಲಿ ಅದನ್ನು ಗಂಡನ ವೀರ್ಯಾಣುವಿನೊಡನೆ ಸೇರಿಸುತ್ತಾರೆ. ವೀರ್ಯಾಣು ತೀರಾ ಕಡಿಮೆಯಿದ್ದರೆ ಒಂದನ್ನೇ ಆರಿಸಿ ಅಂಡದೊಳಗೆ ಚುಚ್ಚುತ್ತಾರೆ, ಇದೇ ಇಕ್ಸಿ. ಮೂರು ಅಥವಾ ಐದು ದಿನ ಬೆಳೆದ ಭ್ರೂಣವನ್ನು ತೆಳುವಾದ ಕೊಳವೆಯ ಮೂಲಕ ಗರ್ಭಕೋಶಕ್ಕೆ ಬಿಡುತ್ತಾರೆ. ಸುಮಾರು ಎರಡು ವಾರಗಳ ನಂತರ ರಕ್ತಪರೀಕ್ಷೆ. ಅದಕ್ಕೂ ಮೊದಲೇ ಮನೆಯಲ್ಲಿ ಪರೀಕ್ಷಿಸಿದರೆ ಚುಚ್ಚುಮದ್ದಿನ ಹಾರ್ಮೋನೇ ಸುಳ್ಳು ಗೆರೆ ತೋರಿಸಬಹುದು.

ಈ ಎರಡು ವಾರಗಳಲ್ಲೇ ಭಯ ಹೆಚ್ಚು. "ಸಜ್ದಾ ಮಾಡಿದರೆ ಭ್ರೂಣ ಜಾರುತ್ತದೆಯೇ?" ಎಂದು ಪಿಸುದನಿಯಲ್ಲಿ ಕೇಳುವವರಿದ್ದಾರೆ. ಇಲ್ಲ. ಗರ್ಭಕೋಶದ ಎರಡು ಗೋಡೆಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಬಾಗಿದರೆ, ಮೆಟ್ಟಿಲು ಹತ್ತಿದರೆ ಭ್ರೂಣ ಬೀಳುವುದಿಲ್ಲ. ಹಾಸಿಗೆಯಲ್ಲೇ ಮಲಗಿದ್ದರೂ ಹೆಚ್ಚಿನ ಪ್ರಯೋಜನವಿಲ್ಲ. ಆದರೆ ಅಂಡ ತೆಗೆದ ಮೇಲಿನ ದಿನಗಳಲ್ಲಿ ಹೊಟ್ಟೆ ಉಬ್ಬಿ, ಬಿಡದ ವಾಂತಿ, ಉಸಿರುಕಟ್ಟು, ಮೂತ್ರ ಕಡಿಮೆಯಾಗುವುದು ಕಂಡರೆ ರಾತ್ರಿಯೇ ಆಗಲಿ ಆಸ್ಪತ್ರೆಗೆ ಹೋಗಿ. ಇದು ಅಂಡಾಶಯ ಅತಿಯಾಗಿ ಪ್ರಚೋದನೆಗೊಂಡ ಲಕ್ಷಣ. ರಮಝಾನ್‌ನಲ್ಲಿ ಚಿಕಿತ್ಸೆ ಬಂದರೆ ಔಷಧಿಯ ಸಮಯವನ್ನು ನೀವಾಗಿಯೇ ಬದಲಿಸಬೇಡಿ. ಯೋನಿಯಲ್ಲಿ ಇಡುವ ಮಾತ್ರೆಯಿಂದ ಉಪವಾಸ ಮುರಿಯುತ್ತದೆಯೇ ಎಂಬಲ್ಲಿ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವಿದೆ. ಮೊದಲೇ ಕೇಳಿಕೊಳ್ಳಿ, ಅಥವಾ ಸಾಧ್ಯವಿದ್ದರೆ ಚಿಕಿತ್ಸೆಯನ್ನು ಶವ್ವಾಲ್‌ಗೆ ಮುಂದೂಡಿ.

ಇನ್ನು ಫಲಿತಾಂಶ. 35ರ ಒಳಗಿನವರಲ್ಲೂ ಭ್ರೂಣ ಬಿಟ್ಟ ಪ್ರತಿ ಬಾರಿಗೆ ಮಗು ಹುಟ್ಟುವ ಸಾಧ್ಯತೆ ಮೂರರಲ್ಲಿ ಒಂದರ ಆಸುಪಾಸು. 40ರ ನಂತರ ಅದು ತೀವ್ರವಾಗಿ ಕುಸಿಯುತ್ತದೆ. ಖರ್ಚು ಲಕ್ಷ ದಾಟುತ್ತದೆ. ಹಾಗಾಗಿ ಎಷ್ಟು ಸುತ್ತು ಪ್ರಯತ್ನಿಸುತ್ತೀರಿ, ಎಲ್ಲಿ ನಿಲ್ಲಿಸುತ್ತೀರಿ ಎಂಬುದನ್ನು ಗಂಡ ಹೆಂಡತಿ ಮೊದಲೇ ಮಾತಾಡಿಕೊಳ್ಳಿ. ಬಡ್ಡಿ ಸಾಲ ಮಾಡಿ ನಾಲ್ಕನೇ ಸುತ್ತಿಗೆ ಹೋಗುವುದನ್ನು ನಾನು ಒಪ್ಪಲಾರೆ. ನೂರಕ್ಕೆ ನೂರು ಖಾತರಿ ಕೊಡುವ ಕೇಂದ್ರದ ಮೆಟ್ಟಿಲನ್ನೂ ಹತ್ತಬೇಡಿ.

ಧರ್ಮದ ವಿಷಯದಲ್ಲಿ ಗೊಂದಲ ಹೆಚ್ಚು. ಈಜಿಪ್ಟ್‌ನ ಮುಫ್ತಿಯಾಗಿದ್ದ ಶೈಖ್ ಜಾದುಲ್ ಹಕ್ 1980ರಲ್ಲಿ, ಅಂದರೆ ಮೊದಲ ಪ್ರನಾಳ ಶಿಶು ಹುಟ್ಟಿ ಎರಡೇ ವರ್ಷಕ್ಕೆ, ದಂಪತಿಯದೇ ಅಂಡ ಮತ್ತು ವೀರ್ಯದಿಂದ ಆಗುವುದಾದರೆ ಇದು ಅನುಮತಿಸಲ್ಪಟ್ಟ ಚಿಕಿತ್ಸೆ ಎಂದು ಫತ್ವಾ ನೀಡಿದರು. 1986ರಲ್ಲಿ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ಅಮ್ಮಾನ್‌ನಲ್ಲಿ ಏಳು ವಿಧಾನಗಳನ್ನು ಪರಿಶೀಲಿಸಿ ಐದನ್ನು ನಿಷೇಧಿಸಿತು; ನಿಕಾಹ್‌ನ ಒಳಗೇ ನಡೆಯುವ ಎರಡನ್ನು ಅಗತ್ಯವಿದ್ದಾಗ ಒಪ್ಪಿತು. ದಾನಿಯ ವೀರ್ಯ, ದಾನಿಯ ಅಂಡ, ಬಾಡಿಗೆ ಗರ್ಭ ಎಲ್ಲವೂ ನಿಷಿದ್ಧ ಪಟ್ಟಿಯಲ್ಲಿವೆ. ಅದೇ ಗಂಡನ ಇನ್ನೊಬ್ಬ ಹೆಂಡತಿಯ ಗರ್ಭವೂ ಕೂಡದು. ಹೆತ್ತವಳೇ ತಾಯಿ, ವಂಶ ಬೆರೆಯಬಾರದು ಎಂಬುದು ಇದರ ಹಿಂದಿನ ಚಿಂತನೆ. ಶಿಯಾ ವಿದ್ವಾಂಸರಲ್ಲಿ ಕೆಲವರ ನಿಲುವು ಬೇರೆಯಿದೆ. ನಾನು ಮುಫ್ತಿಯಲ್ಲ, ನಿಮ್ಮ ಪ್ರಕರಣದ ವಿವರಗಳೊಂದಿಗೆ ನಂಬಿಕೆಯ ವಿದ್ವಾಂಸರನ್ನು ಕೇಳಿ.

ದೇಶದ ಕಾನೂನನ್ನೂ ತಿಳಿದಿರಿ, ಏಕೆಂದರೆ ದಲ್ಲಾಳಿಗಳು ತಿಳಿಸುವುದಿಲ್ಲ. 2022ರ ಜನವರಿ 25ರಿಂದ ಜಾರಿಯಲ್ಲಿರುವ ಬಾಡಿಗೆ ತಾಯ್ತನ ಕಾಯ್ದೆಯ ಪ್ರಕಾರ ಹಣಕ್ಕಾಗಿ ಗರ್ಭ ಕೊಡುವುದು, ಪಡೆಯುವುದು ಅಪರಾಧ. ಗರ್ಭ ಹೊರುವವಳು 25ರಿಂದ 35 ವಯಸ್ಸಿನ, ಸ್ವಂತ ಮಗುವಿರುವ ಮಹಿಳೆಯಾಗಿರಬೇಕು, ಜೀವನದಲ್ಲಿ ಒಮ್ಮೆ ಮಾತ್ರ. ವೈದ್ಯಕೀಯ ಖರ್ಚು ಮತ್ತು ವಿಮೆಯ ಹೊರತು ಸಂಭಾವನೆ ಸಲ್ಲದು. ಹೀಗಾಗಿ "ಐದು ಲಕ್ಷಕ್ಕೆ ಹೆಂಗಸು ಸಿಗುತ್ತಾಳೆ" ಎಂದು ಯಾರಾದರೂ ಬಂದರೆ ಅವರು ನಿಮ್ಮನ್ನು ಜೈಲಿನ ದಾರಿಗೆ ಕರೆಯುತ್ತಿದ್ದಾರೆ.

ಹುಟ್ಟಿನಿಂದಲೇ ಗರ್ಭಕೋಶವಿಲ್ಲದ, ಅಥವಾ ಪ್ರಸವದ ರಕ್ತಸ್ರಾವದಲ್ಲಿ ಅದನ್ನು ಕಳೆದುಕೊಂಡ ಸೋದರಿಗೆ ಈ ಎರಡೂ ಬಾಗಿಲು ಮುಚ್ಚಿದಂತೆ ಅನ್ನಿಸಬಹುದು. ಅನಾಥ ಮಗುವನ್ನು ಸಾಕುವ ಕಫಾಲಾ ಇದೆ. ಮಗುವಿನ ತಂದೆಯ ಹೆಸರು ಬದಲಿಸದೆ ಸಾಕಬೇಕೆಂಬುದು ನಿಯಮ. ಬೆಳೆದ ಮೇಲೆ ಮಹ್ರಮ್ ಪ್ರಶ್ನೆ ಬರುತ್ತದಲ್ಲವೇ? ಎರಡು ವರ್ಷದೊಳಗೆ ಎದೆಹಾಲು ಕೊಟ್ಟರೆ ಹಾಲಿನ ಸಂಬಂಧ ಉಂಟಾಗುತ್ತದೆ: ಶಾಫಿಈ ಮದ್‌ಹಬ್‌ನಲ್ಲಿ ಐದು ಬಾರಿ, ಹನಫಿಯಲ್ಲಿ ಒಮ್ಮೆಯಾದರೂ ಸಾಕು. ಹೆರದ ಹೆಣ್ಣಿನಲ್ಲೂ ಪಂಪ್ ಮತ್ತು ಔಷಧಿಯಿಂದ ಸ್ವಲ್ಪವಾದರೂ ಹಾಲು ಬರಿಸಲು ಸಾಧ್ಯವಿದೆ, ಆದರೆ ಮಗು ಬರುವ ಕೆಲವು ತಿಂಗಳ ಮೊದಲೇ ತಯಾರಿ ಬೇಕು. ಸ್ವಂತ ತಂಗಿಯ ಹಾಲು ಕುಡಿಸಿದರೂ ನೀವು ಆ ಮಗುವಿಗೆ ಹಾಲಿನ ಸಂಬಂಧದಲ್ಲಿ ಚಿಕ್ಕಮ್ಮ, ದೊಡ್ಡಮ್ಮ ಆಗುತ್ತೀರಿ.

ಐವಿಎಫ್‌ಗೇ ಹೋಗುವುದಾದರೆ ಕೇಂದ್ರದ ನೋಂದಣಿ ಪತ್ರ ನೋಡಿ. ವೀರ್ಯದ ಡಬ್ಬಿಯ ಮೇಲೆ ನಿಮ್ಮಿಬ್ಬರ ಹೆಸರು ನಿಮ್ಮೆದುರೇ ಬರೆಸಿ. ಉಳಿದ ಭ್ರೂಣಗಳನ್ನು ಘನೀಕರಿಸಿ ಇಡಲು ಕಾನೂನು ಹತ್ತು ವರ್ಷದವರೆಗೆ ಅವಕಾಶ ಕೊಡುತ್ತದೆ. ತಲಾಕ್ ಅಥವಾ ಸಾವು ಸಂಭವಿಸಿದರೆ ಅವುಗಳನ್ನೇನು ಮಾಡಬೇಕು ಎಂಬ ಸಾಲು ಒಪ್ಪಿಗೆ ಪತ್ರದಲ್ಲಿರುತ್ತದೆ. ನಿಕಾಹ್ ಮುಗಿದ ಮೇಲೆ ಅವುಗಳ ಬಳಕೆ ಕೂಡದೆಂಬುದು ವಿದ್ವಾಂಸರ ನಿಲುವಾದ್ದರಿಂದ, ಆ ಸಾಲನ್ನು ಓದದೆ ಸಹಿ ಹಾಕಬೇಡಿ.