ತೆರೆಯ ಮೇಲಿನ ಮಾರ್ಗರೆಟ್, ನೆರೆಮನೆಯ ಜಲೀಲ

ಕನ್ನಡ ಚಲನಚಿತ್ರದ ಕ್ರೈಸ್ತ ಪಾತ್ರವೊಂದನ್ನು ಹೆಸರಿಸಿರೆಂದು ಯಾರನ್ನಾದರೂ ಕೇಳಿದರೆ ಮೊದಲು ಬರುವ ಉತ್ತರ ಮಾರ್ಗರೆಟ್. ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ‘ನಾಗರಹಾವು’ 1972ರಲ್ಲಿ ತೆರೆಕಂಡಿತು. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿದ ಆ ಚಿತ್ರ ನಮ್ಮ ಮೈಸೂರಿನವರೇ ಆದ ವಿಷ್ಣುವರ್ಧನರನ್ನು ನಾಯಕನಟರನ್ನಾಗಿ ಮಾಡಿತು. ಚಿತ್ರದುರ್ಗದ ಕೋಟೆಯ ಬಂಡೆಗಳನ್ನು ನಾಡಿನವರೆಲ್ಲರ ಕಣ್ಣಿಗೆ ಕಟ್ಟಿತು. ಅದರೊಡನೆ ಶುಭಾ ಅವರು ಅಭಿನಯಿಸಿದ ಮಾರ್ಗರೆಟ್ಟಳೂ ಜನಮನದಲ್ಲಿ ನೆಲೆಸಿದಳು. ಗಿಡ್ಡ ಉಡುಪು, ಸಂಕೋಚವಿಲ್ಲದ ನಡೆ, ಒಂದು ಬಗೆಯ ಪರಕೀಯತೆ. ಅಂದಿನಿಂದ ಕಾಲೇಜಿಗೆ ಹೊರಟ ನಮ್ಮ ಹೆಣ್ಣುಮಕ್ಕಳನ್ನು ಆ ಹೆಸರಿನಿಂದ ಕೆಣಕುವ ಪುಂಡರಿಗೆ ಕೊರತೆಯಾಗಲಿಲ್ಲವೆಂಬುದನ್ನು ನಮ್ಮ ಮನೆಗಳ ತಾಯಂದಿರು ಬಲ್ಲರು.

ಪುಟ್ಟಣ್ಣನವರಿಗೆ ನಾವು ಅನ್ಯಾಯ ಮಾಡಬಾರದು. ಅವರ ಮಾರ್ಗರೆಟ್ ಕುಲಟೆಯಲ್ಲ, ವಂಚಕಿಯೂ ಅಲ್ಲ. ಪ್ರೀತಿಸಿದವನ ಕೈಹಿಡಿದು ಬೆಟ್ಟದ ಮೇಲಿನಿಂದ ಸಾವಿನ ಕಡೆಗೆ ಧುಮುಕುವಷ್ಟು ನಿಷ್ಠೆ ಅವಳದು. ಆದರೆ ಕಥೆಗೆ ಬೇಕಾಗಿದ್ದುದು ರಾಮಾಚಾರಿಗೂ ಸಮಾಜಕ್ಕೂ ನಡುವೆ ಏಳುವ ಒಂದು ಗೋಡೆ ಮಾತ್ರ. ಆ ಗೋಡೆಯಾಗಲು ಕ್ರೈಸ್ತ ಹೆಣ್ಣೊಬ್ಬಳು ಒದಗಿಬಂದಳು. ಚಾಮಯ್ಯ ಮೇಷ್ಟರ ಅಂತರಂಗದ ತುಮುಲವನ್ನು ಅಷ್ಟು ಆಳವಾಗಿ ತೋರಿದ ಚಿತ್ರ, ಮಾರ್ಗರೆಟ್ಟಳ ವಿಶ್ವಾಸವೇನು, ಅವಳು ಯಾರನ್ನು ಪ್ರಾರ್ಥಿಸುತ್ತಾಳೆ ಎಂಬುದರ ಗೊಡವೆಗೆ ಹೋಗಲಿಲ್ಲ.

ಹಿಂದಿ ಚಿತ್ರಗಳು ಇದಕ್ಕೆ ಮತ್ತಷ್ಟು ಬಣ್ಣ ಬಳಿದವು. ಮಲಯಾಳದ ‘ಚಟ್ಟಕ್ಕಾರಿ’ (1974) ಮರುವರ್ಷ ‘ಜೂಲಿ’ಯಾಗಿ ಹಿಂದಿಗೆ ಬಂತು, ಎರಡರಲ್ಲಿಯೂ ಲಕ್ಷ್ಮಿಯವರೇ ನಾಯಕಿ. ಅದು ಆಂಗ್ಲೋ ಇಂಡಿಯನ್ ಕುಟುಂಬವೊಂದರ ಕಥೆ. ಸಣ್ಣ ಸಮುದಾಯವೊಂದರ ಉಡುಗೆ, ನಡೆನುಡಿಗಳನ್ನು ಪ್ರೇಕ್ಷಕರು ಕ್ರೈಸ್ತರೆಲ್ಲರ ಲೆಕ್ಕಕ್ಕೆ ಬರೆದುಕೊಂಡರು. 1977ರ ‘ಅಮರ್ ಅಕ್ಬರ್ ಆಂಥೋನಿ’ಯನ್ನು ಸರ್ವಧರ್ಮ ಸಮನ್ವಯದ ಚಿತ್ರವೆಂದು ಕೊಂಡಾಡುವುದುಂಟು. ಅದರ ಆಂಥೋನಿ ಧರ್ಮಗುರುವೊಬ್ಬರ ಆಶ್ರಯದಲ್ಲಿ ಬೆಳೆದವನು. ನಡೆಸುವುದು ಮಾತ್ರ ಮದ್ಯದಂಗಡಿ! ಅವನೂ ಹುಟ್ಟಿನಿಂದ ಹಿಂದೂ ಕುಟುಂಬದವನೇ ಎಂಬುದು ಬೇರೆಯ ಮಾತು.

ಇತ್ತ ನಮ್ಮ ಮೈಸೂರು ಸೀಮೆಯ ಕಥೋಲಿಕರನ್ನು ನೋಡಿರಿ. ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿ ಸ್ವಾಮಿಗಳು ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು ಶುಭಸಂದೇಶ ಸಾರತೊಡಗಿದ್ದು 1649ರ ಸುಮಾರಿಗೆ. ಮೂರೂಮುಕ್ಕಾಲು ಶತಮಾನಗಳ ಬಾಳು ನಮ್ಮದು. ನಮ್ಮ ಹಿರಿಯರ ಹೆಸರುಗಳು ಚೌರಪ್ಪ, ರಾಯಪ್ಪ, ಇನ್ನಾಸಪ್ಪ, ಚಿನ್ನಮ್ಮ, ಜ್ಞಾನಮ್ಮ. ದೋರನಹಳ್ಳಿಯ ಸಂತ ಅಂತೋಣಿಯವರ ಪುಣ್ಯಕ್ಷೇತ್ರ 2019ರಲ್ಲಿ ಬೆಸಿಲಿಕಾ ಪದವಿಗೇರಿತು. ಅಲ್ಲಿಗೆ ಹರಕೆ ಹೊತ್ತು ಬರುವ ರೈತನೂ ಸೀರೆಯುಟ್ಟು ಹೂಮುಡಿದ ಅವನ ಹೆಂಡತಿಯೂ ಬೆಳ್ಳಿತೆರೆಯ ನಿರ್ಮಾಪಕರ ಕಣ್ಣಿಗೆ ಬೀಳುವುದು ಬಹು ಅಪರೂಪ. ಅವರಿಗೆ ಬೇಕಾದವರು ರಾಬರ್ಟ್, ಟೋನಿ, ಪೀಟರ್. ಕೊರಳಲ್ಲಿ ಶಿಲುಬೆ, ಕೈಯಲ್ಲಿ ಬಾಟಲಿ, ಖಳನಾಯಕನ ಎಡಬಲದಲ್ಲಿ ಸ್ಥಾನ. ಇನ್ನು ಧರ್ಮಗುರುಗಳ ಪಾತ್ರವಂತೂ ಬಿಳಿ ನಿಲುವಂಗಿ ತೊಟ್ಟು, ಹರಕುಮುರುಕು ಕನ್ನಡದಲ್ಲಿ ‘ಮೈ ಸನ್’ ಎನ್ನುವುದಕ್ಕೇ ಮೀಸಲು. ನಮ್ಮ ಗುರುಗಳ ಪ್ರಬೋಧನೆಯ ಅಚ್ಚಗನ್ನಡವನ್ನು ಆ ಸಂಭಾಷಣೆಕಾರರು ಒಂದು ಭಾನುವಾರವಾದರೂ ಕೇಳಬಾರದೇ ಎನಿಸುತ್ತದೆ.

ಕ್ರೈಸ್ತರ ಕುಂದನ್ನು ತೋರಿಸಲೇಬಾರದೆಂದು ನಮ್ಮ ವಾದವಲ್ಲ. ಆರ್.ಕೆ. ನಾರಾಯಣರ 1935ರ ಕಾದಂಬರಿಯಲ್ಲಿ ಅನ್ಯಧರ್ಮವನ್ನು ಹೀಗಳೆಯುವ ಎಬಿನೇಜರ್ ಎಂಬ ಉಪಾಧ್ಯಾಯನಿದ್ದಾನೆ. ಅಂಥವರು ಇದ್ದರು, ಬಹುಶಃ ಈಗಲೂ ಇದ್ದಾರೆ. ಓದಿ ನಾವು ತಲೆತಗ್ಗಿಸಬೇಕಾದದ್ದೇ. ಎಬಿನೇಜರನೊಬ್ಬನೇ ಕ್ರೈಸ್ತನೆಂಬ ಭಾವನೆ ಬೇರೂರಿದಾಗಲಷ್ಟೇ ತೊಡಕು.

ಇಷ್ಟು ದೂರಿದ ಮೇಲೆ ನಮ್ಮ ರಾಜೀವನಗರದ ಬೀದಿಗಳಿಗೆ ಬರೋಣ. ಇಲ್ಲಿ ಮುಸ್ಲಿಂ ಬಾಂಧವರ ಮನೆಗಳೇ ಹೆಚ್ಚು. ಅವುಗಳ ನಡುವೆ ನಮ್ಮ ಕುಟುಂಬಗಳದ್ದೂ ಬಾಳು. ರಂಜಾನಿನ ಖರ್ಜೂರ ಇತ್ತ ಬರುತ್ತದೆ, ಕ್ರಿಸ್ತಜಯಂತಿಯ ಕಜ್ಜಾಯ ಅತ್ತ ಹೋಗುತ್ತದೆ. ಈಗ ‘ನಾಗರಹಾವು’ ಚಿತ್ರವನ್ನೇ ಮತ್ತೊಮ್ಮೆ ನೆನೆಯಿರಿ. ಅಂಬರೀಷರು ಚಿತ್ರರಂಗಕ್ಕೆ ಕಾಲಿಟ್ಟದ್ದು ಅದರಲ್ಲಿಯೇ. ಅವರ ಪಾತ್ರ ಜಲೀಲ. ಅಲಮೇಲುವಿನ ಬೆನ್ನುಬಿದ್ದು ಕಾಡುವ ಪುಂಡ ಆ ಜಲೀಲ. ಅವನು ಕೂಗಿದ ‘ಬುಲ್‌ಬುಲ್’ ಎಂಬ ಶಬ್ದ ನಾಡಿನ ನಗೆಮಾತಾಯಿತು. ಒಂದೇ ಚಿತ್ರ, ಇಬ್ಬರು ಅಲ್ಪಸಂಖ್ಯಾತರು: ಒಬ್ಬಳು ನಾಯಕನನ್ನು ಕುಲದಿಂದ ಸೆಳೆಯುವವಳು, ಇನ್ನೊಬ್ಬ ಕುಲಸ್ತ್ರೀಯನ್ನು ಪೀಡಿಸುವವನು. ಮಾರ್ಗರೆಟ್ಟಳ ಬಗ್ಗೆ ನೊಂದುಕೊಂಡ ನಮ್ಮ ಮನೆಗಳಲ್ಲಿ ಜಲೀಲನ ಬಗ್ಗೆ ಯಾರಾದರೂ ನೊಂದದ್ದುಂಟೇ? ನಕ್ಕೆವು, ಶಿಳ್ಳೆಯನ್ನೂ ಹಾಕಿದೆವು. ಆಮೇಲೆ ಬಂದ ಚಿತ್ರಗಳಲ್ಲಿ ಕಳ್ಳಸಾಗಣೆಗಾರನಾಗಿ, ಬಾಂಬು ಇಡುವವನಾಗಿ ಅದೇ ನೆರೆಯವನನ್ನು ತೋರಿಸಿದಾಗಲೂ ಟಿಕೇಟಿನ ಹಣ ದಂಡವಾಯಿತೆಂದು ನಮಗೆ ಅನಿಸಲಿಲ್ಲ.

ಇದಕ್ಕೊಂದು ಕಾರಣ ನಮ್ಮ ಧಾರ್ಮಿಕ ಶಿಕ್ಷಣದಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ. ಪರಮಗುರು ಹನ್ನೊಂದನೆಯ ಭಕ್ತಿನಾಥರು 1936ರಲ್ಲಿ ಚಲನಚಿತ್ರಗಳ ಕುರಿತು ‘ವಿಜಿಲಾಂಟಿ ಕೂರಾ’ ಎಂಬ ವಿಶ್ವಪತ್ರವನ್ನು ಹೊರಡಿಸಿ, ಅಶ್ಲೀಲ ಚಿತ್ರಗಳಿಂದ ದೂರವಿರುವಂತೆ ವಿಶ್ವಾಸಿಗಳಿಗೆ ಕರೆಕೊಟ್ಟರು. ಆ ಎಚ್ಚರಿಕೆ ಮನೆಮನೆಗೂ ಮುಟ್ಟಿತು. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ‘ಇಂತೆರ್ ಮಿರಿಫಿಕಾ’ ಶಾಸನದಲ್ಲಿ ಮಾಧ್ಯಮಗಳ ಬಗೆಗೆ ಇನ್ನೂ ವಿಶಾಲವಾಗಿ ಮಾತನಾಡಿತು. ಅದರ ಫಲವಾಗಿ 1967ರಿಂದ ಪ್ರತಿವರ್ಷ ವಿಶ್ವ ಸಂಪರ್ಕ ಮಾಧ್ಯಮ ದಿನ ನಡೆದುಬಂದಿದೆ. ಆದರೂ ಚಿತ್ರವೊಂದನ್ನು ಮಕ್ಕಳಿಗೆ ತೋರಿಸಬಹುದೋ ಬಾರದೋ ಎಂದು ತೂಗುವಾಗ ನಾವು ಕೈಗೆತ್ತಿಕೊಳ್ಳುವುದು ಆರನೆಯ ದೈವಾಜ್ಞೆಯನ್ನು ಮಾತ್ರ. ನೆರೆಯವನ ವಿರುದ್ಧ ಸುಳ್ಳುಸಾಕ್ಷಿಯನ್ನು ನಿಷೇಧಿಸುವ ಎಂಟನೆಯದು ನೆನಪಿಗೆ ಬರುವುದೇ ಇಲ್ಲ. ಉಡುಪಿನ ಉದ್ದವನ್ನು ಅಳೆದೆವು; ಒಂದು ಜನಾಂಗದ ಮೇಲೆ ಹೊರಿಸಿದ ಅಪವಾದದ ಉದ್ದವನ್ನು ಅಳೆಯಲಿಲ್ಲ.

ಬೇರೆ ಬಗೆಯ ಚಿತ್ರಗಳು ಕನ್ನಡದಲ್ಲಿಯೇ ಇವೆ. ಗಿರೀಶ ಕಾಸರವಳ್ಳಿಯವರ ‘ಹಸೀನಾ’ (2004) ಚಿತ್ರದ ಹೆಣ್ಣು, ಗಂಡನಿಂದ ಪರಿತ್ಯಕ್ತಳಾಗಿ ಮಕ್ಕಳೊಡನೆ ಮಸೀದಿಯ ಮುಂದೆ ನ್ಯಾಯ ಕೇಳುತ್ತಾಳೆ. ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರವದು. ಮುಸ್ಲಿಂ ಸಮಾಜದ ಲೋಪವನ್ನು ಅಲ್ಲಿ ಮುಚ್ಚಿಟ್ಟಿಲ್ಲ. ಆದರೆ ಮೂಲಕಥೆ ಬರೆದವರು ಅದೇ ಸಮಾಜದ ಬಾನು ಮುಷ್ತಾಕ್. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದು, ಅದೇ ವರ್ಷ ಚಾಮುಂಡಿಬೆಟ್ಟದಲ್ಲಿ ನಮ್ಮ ದಸರಾ ಉತ್ಸವವನ್ನು ಉದ್ಘಾಟಿಸಿದವರು. ಒಳಗಿನವರ ನೋವಿನಿಂದ ಬಂದ ಟೀಕೆಗೂ ಹೊರಗಿನವರ ಕುಚೋದ್ಯಕ್ಕೂ ಎಷ್ಟು ಅಂತರವೆಂಬುದನ್ನು ಆ ಚಿತ್ರದಲ್ಲಿ ಕಾಣಬಹುದು. ವೈದೇಹಿಯವರ ಕಥೆಯ ಸೂಲಗಿತ್ತಿ ಲಿಲ್ಲಿಬಾಯಿ ‘ಗುಲಾಬಿ ಟಾಕೀಸ್’ (2008) ಚಿತ್ರದಲ್ಲಿ ಕರಾವಳಿಯ ಮುಸ್ಲಿಂ ಮಹಿಳೆ ಗುಲಾಬಿಯಾದಳು. ಊರಿನ ಮಕ್ಕಳನ್ನು ಭೂಮಿಗೆ ತಂದ ಆ ಕೈಗಳನ್ನೇ ಊರು ದೂರಮಾಡುವ ಕಥೆಯನ್ನು ಉಮಾಶ್ರೀಯವರ ಅಭಿನಯದಲ್ಲಿ ನೋಡಿಯೇ ತಿಳಿಯಬೇಕು.

ನಮ್ಮವರೊಬ್ಬರ ಮಾತನ್ನೂ ಇಲ್ಲಿ ಹೇಳಬೇಕು. ಸಾಗರದ ನಾ. ಡಿಸೋಜರು 2025ರ ಜನವರಿಯಲ್ಲಿ ದೈವಾಧೀನರಾದರು. 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿದ್ದವರು. ಅವರ ‘ದ್ವೀಪ’ ಕಾದಂಬರಿಯನ್ನು ಕಾಸರವಳ್ಳಿಯವರು 2002ರಲ್ಲಿ ಚಿತ್ರವಾಗಿಸಿದರು. ಅದಕ್ಕೆ ದೇಶದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲ ದೊರೆಯಿತು. ಅಣೆಕಟ್ಟಿನ ನೀರು ಏರುತ್ತಿರುವಾಗ ನೆಲ ಬಿಡಲೊಲ್ಲದ ಆ ಕುಟುಂಬ ಕ್ರೈಸ್ತರದ್ದಲ್ಲ, ದೇವಾಲಯದ ಸೇವೆ ನಡೆಸುವ ಹಿಂದೂ ಮನೆತನ. ಕಥೋಲಿಕ ಲೇಖಕರೊಬ್ಬರು ಅನ್ಯಧರ್ಮೀಯ ನೆರೆಯವರ ದುಃಖವನ್ನು ತಮ್ಮದೆಂಬಂತೆ ಬರೆದ ರೀತಿ ಇದು. ಅದೇ ಲೇಖನಿ ನಮ್ಮ ಜನರ ಬದುಕನ್ನು ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಎಂಬ ಕಾದಂಬರಿಯಲ್ಲಿ ಚಿತ್ರಿಸಿದೆ. ಮಾರ್ಗರೆಟ್ಟಳ ಬಗ್ಗೆ ಗೊಣಗುವವರಲ್ಲಿ ಅದನ್ನು ಓದಿದವರು ಎಷ್ಟು ಮಂದಿಯೋ!

ವಿಶ್ವ ಸಂಪರ್ಕ ಮಾಧ್ಯಮ ದಿನ ಪೆಂತೆಕೋಸ್ತ್ ಹಬ್ಬದ ಹಿಂದಿನ ಭಾನುವಾರ ಬರುತ್ತದೆ. ಅಂದು ಬಲಿಪೂಜೆಯ ಬಳಿಕ ಧರ್ಮಕೇಂದ್ರದ ಸಭಾಂಗಣದಲ್ಲಿ ‘ಹಸೀನಾ’ವನ್ನೋ ‘ದ್ವೀಪ’ವನ್ನೋ ತೋರಿಸಬಹುದು. ಪರದೆಗೆ ಒಂದು ಬಿಳಿ ಬಟ್ಟೆ ಸಾಕು. ರಾಜೀವನಗರದ ಕುಟುಂಬಗಳವರು ಪಕ್ಕದ ಮನೆಯವರನ್ನೂ ಜೊತೆಗೆ ಕರೆತರಲಿ.