ಆಕ್ಸಿನ್‌ನ ಸಾಂದ್ರತೆ ಮತ್ತು ಸಸ್ಯದ ಬೆಳವಣಿಗೆ

ಆಕ್ಸಿನ್ ಎಂಬುದು ಸಸ್ಯಗಳ ಬೆಳೆಯುವ ತುದಿಗಳಲ್ಲಿಯೂ ಎಳೆಯ ಎಲೆಗಳಲ್ಲಿಯೂ ಉತ್ಪತ್ತಿಯಾಗಿ, ಜೀವಕೋಶಗಳ ನೀಳುವಿಕೆಯನ್ನು ನಿಯಂತ್ರಿಸುವ ಹಾರ್ಮೋನು. ಸಸ್ಯದಲ್ಲಿ ಸಹಜವಾಗಿರುವ ಮುಖ್ಯ ಆಕ್ಸಿನ್ ಇಂಡೋಲ್ ಅಸಿಟಿಕ್ ಆಮ್ಲ. ಇದರ ಪರಿಣಾಮವು ಸಾಂದ್ರತೆಯನ್ನು, ಅಂದರೆ ನಿರ್ದಿಷ್ಟ ಪ್ರಮಾಣದ ದ್ರವದಲ್ಲಿ ಅದು ಎಷ್ಟು ಕರಗಿದೆ ಎಂಬುದನ್ನು ಅವಲಂಬಿಸಿದೆ. ಒಂದು ಮಟ್ಟದಲ್ಲಿ ಬೆಳವಣಿಗೆಯನ್ನು ಪ್ರಚೋದಿಸುವ ವಸ್ತುವೇ ಅದಕ್ಕಿಂತ ಹೆಚ್ಚಾದಾಗ ಬೆಳವಣಿಗೆಯನ್ನು ತಡೆಯುತ್ತದೆ. ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಜಾವಗಲ್‌ನಂತಹ ರಾಗಿ ಸೀಮೆಯ ರೈತರಿಗೆ ಇದು ಕೇವಲ ಪಠ್ಯದ ವಿಷಯವಲ್ಲ. ರಾಗಿಗೆ ಶಿಫಾರಸು ಮಾಡಲಾಗುವ 2,4-ಡಿ ಎಂಬ ಕಳೆನಾಶಕವೂ ಒಂದು ಕೃತಕ ಆಕ್ಸಿನ್.

ಅಂಗದಿಂದ ಅಂಗಕ್ಕೆ ವ್ಯತ್ಯಾಸ

ಡಚ್ ವಿಜ್ಞಾನಿ ಫ್ರಿಟ್ಸ್ ವೆಂಟ್ 1920ರ ದಶಕದಲ್ಲಿ ಓಟ್ಸ್ ಮೊಳಕೆಯ ತುದಿಯಿಂದ ಈ ವಸ್ತುವನ್ನು ಅಗರ್ ತುಣುಕಿಗೆ ಇಳಿಸಿಕೊಂಡು, ಮೊಳಕೆ ಎಷ್ಟು ಬಾಗುತ್ತದೆ ಎಂಬುದರಿಂದ ಅದರ ಪ್ರಮಾಣವನ್ನು ಅಳೆಯುವ ವಿಧಾನವನ್ನು ರೂಪಿಸಿದನು. ಬೇರು, ಮೊಗ್ಗು ಮತ್ತು ಕಾಂಡಗಳು ಒಂದೇ ಆಕ್ಸಿನ್‌ಗೆ ಬೇರೆ ಬೇರೆ ಮಟ್ಟಗಳಲ್ಲಿ ಸ್ಪಂದಿಸುತ್ತವೆ ಎಂಬುದನ್ನು ಕೆನೆತ್ ಥೀಮನ್ 1937ರಲ್ಲಿ ನಿರೂಪಿಸಿದನು. ಪಠ್ಯಪುಸ್ತಕಗಳಲ್ಲಿ ಕಾಣುವ ಮೂರು ಗುಡ್ಡಗಳಂತಹ ರೇಖಾಚಿತ್ರದ ಮೂಲ ಇದೇ.

ಕಾಂಡವು ಅತಿ ಹೆಚ್ಚಾಗಿ ನೀಳಲು ಲೀಟರಿಗೆ ಸುಮಾರು 2 ಮಿಲಿಗ್ರಾಂ ಆಕ್ಸಿನ್ ತಕ್ಕುದಾಗಿರುತ್ತದೆ. ಬೇರಿಗೆ ಅದರ ಹತ್ತು ಸಾವಿರದ ಒಂದು ಪಾಲಿನಷ್ಟೂ ಬೇಡ. ಆದ್ದರಿಂದ ಕಾಂಡವನ್ನು ಬೆಳೆಸುವ ಮಟ್ಟವು ಬೇರನ್ನು ಕುಂಠಿತಗೊಳಿಸುತ್ತದೆ. ‘ಅತಿಯಾದರೆ ಅಮೃತವೂ ವಿಷ’ ಎಂಬ ಗಾದೆ ಇಲ್ಲಿ ಅರ್ಧ ಮಾತ್ರ ಸತ್ಯ. ಯಾವುದಕ್ಕೆ ಅತಿ ಎಂದೂ ಕೇಳಬೇಕಾಗುತ್ತದೆ. ಕುಂಡವೊಂದನ್ನು ಅಡ್ಡಲಾಗಿ ಮಲಗಿಸಿದರೆ ಇದನ್ನು ಕಣ್ಣಾರೆ ನೋಡಬಹುದು. ಆಕ್ಸಿನ್ ಕೆಳಬದಿಯಲ್ಲಿ ಹೆಚ್ಚು ಶೇಖರವಾಗುತ್ತದೆ. ಕಾಂಡದ ಕೆಳಬದಿ ಬೇಗ ಬೆಳೆದು ಕಾಂಡ ಮೇಲಕ್ಕೆ ಬಾಗುತ್ತದೆ. ಬೇರಿನ ಕೆಳಬದಿ ತಡೆಗೊಳಗಾಗಿ ಬೇರು ಕೆಳಕ್ಕೆ ತಿರುಗುತ್ತದೆ.

ತಡೆಗೆ ಒಂದು ಮುಖ್ಯ ಕಾರಣ ಎಥಿಲೀನ್. ಆಕ್ಸಿನ್ ಮಿತಿಮೀರಿದಾಗ ಜೀವಕೋಶಗಳು ಈ ಅನಿಲರೂಪದ ಹಾರ್ಮೋನನ್ನು ಹೆಚ್ಚಾಗಿ ತಯಾರಿಸುತ್ತವೆ. ಅದು ನೀಳುವಿಕೆಯನ್ನು ನಿಲ್ಲಿಸುತ್ತದೆ.

ರಾಗಿ ಹೊಲದಲ್ಲಿ

ಸಹಜ ಆಕ್ಸಿನ್ ಹೆಚ್ಚಾದರೆ ಸಸ್ಯವು ಅದನ್ನು ಬೇಗ ನಿಷ್ಕ್ರಿಯಗೊಳಿಸಿಕೊಳ್ಳುತ್ತದೆ. ಆದರೆ ಅಗಲ ಎಲೆಯ ಸಸ್ಯಗಳು 2,4-ಡಿಯನ್ನು ಅಷ್ಟು ಸುಲಭವಾಗಿ ವಿಘಟಿಸಲಾರವು. ಆಕ್ಸಿನ್‌ನ ಸಂದೇಶ ನಿಲ್ಲದೆ ಸಾಗಿ ಕಾಂಡ ಸುರುಳಿಯಾಗುತ್ತದೆ, ಎಲೆ ತಿರುಚಿಕೊಳ್ಳುತ್ತದೆ, ಕೊನೆಗೆ ಗಿಡ ಸಾಯುತ್ತದೆ. ರಾಗಿ ಹುಲ್ಲಿನ ಜಾತಿಗೆ ಸೇರಿದ್ದು. ಇಂತಹ ಸಸ್ಯಗಳಲ್ಲಿ ಈ ವಸ್ತುವಿನ ಸಾಗಾಟ ಕಡಿಮೆ, ವಿಘಟನೆ ಬೇಗ. ಆದ್ದರಿಂದ ಶಿಫಾರಸಿನ ಪ್ರಮಾಣದಲ್ಲಿ ರಾಗಿ ಉಳಿದು ಕಳೆ ಸಾಯುತ್ತದೆ.

ಇಲ್ಲಿಯೇ ತೊಡಕಿದೆ. ನಮ್ಮ ಹಿರಿಯರು ರಾಗಿಯ ನಡುವೆ ಅಕ್ಕಡಿಯಾಗಿ ಹಾಕುತ್ತಿದ್ದ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಹರಳು ಎಲ್ಲವೂ ಅಗಲ ಎಲೆಯವು. 2,4-ಡಿಗೆ ಅವರೆಯೂ ಕಳೆಯೂ ಒಂದೇ. ಸಾಲುಗಳ ನಡುವೆ ಕುಂಟೆ ಹೊಡೆದರೆ ಅಕ್ಕಡಿ ಉಳಿಯುತ್ತದೆ, ಔಷಧಿ ಹೊಡೆದರೆ ಉಳಿಯದು. ಕೂಲಿ ಉಳಿತಾಯದ ಲೆಕ್ಕ ಹಾಕುವಾಗ ಮನೆಯ ಬೇಳೆಕಾಳಿನ ಲೆಕ್ಕವನ್ನೂ ಹಾಕುವುದು ನ್ಯಾಯ. ಪಕ್ಕದ ಟೊಮೇಟೊ ತೋಟಕ್ಕೆ ಗಾಳಿಯಲ್ಲಿ ತೇಲಿಬಂದ ಹನಿಗಳಿಂದಲೂ ಎಲೆಗಳು ಮುದುಡುತ್ತವೆ. ಸೋಜಿಗವೆಂದರೆ, ಅದೇ 2,4-ಡಿಯನ್ನು ಲೀಟರಿಗೆ ಕೆಲವೇ ಮಿಲಿಗ್ರಾಂನಷ್ಟು ತೆಳುವಾಗಿ ಟೊಮೇಟೊ ಹೂವಿಗೆ ಬಳಸಿ ಕಾಯಿ ಕಟ್ಟಿಸಿದ್ದೂ ಉಂಟು.

ಅಳತೆ

ಲೀಟರ್ ನೀರಿನಲ್ಲಿ 1 ಮಿಲಿಗ್ರಾಂ ಎಂದರೆ 1 ಪಿಪಿಎಂ. ಮೆಣಸಿನಕಾಯಿ ಗಿಡದ ಹೂ ಉದುರುವಿಕೆಗೆ ನಾಫ್ತಲೀನ್ ಅಸಿಟಿಕ್ ಆಮ್ಲವನ್ನು 10 ಪಿಪಿಎಂನಲ್ಲಿ ಸಿಂಪಡಿಸುತ್ತಾರೆ. ಅಂಗಡಿಯ ಶೇ. 4.5ರ ದ್ರಾವಣದ 1 ಮಿಲಿಲೀಟರಿನಲ್ಲಿ 45 ಮಿಲಿಗ್ರಾಂ ಇರುವುದರಿಂದ ಅದನ್ನು ನಾಲ್ಕೂವರೆ ಲೀಟರ್ ನೀರಿಗೆ ಬೆರೆಸಬೇಕು. ಬೇಲೂರಿನ ಮಲೆನಾಡು ಭಾಗದಂತಹ ಕಡೆ ಬೆಳೆಯುವ ಕರಿಮೆಣಸಿನ ಬಳ್ಳಿಯ ತುಂಡುಗಳಿಗೆ ಬೇರು ಬರಿಸಲು ಇಂಡೋಲ್ ಬ್ಯುಟಿರಿಕ್ ಆಮ್ಲದ 1000 ಪಿಪಿಎಂ ದ್ರಾವಣ ಬಳಕೆಯಲ್ಲಿದೆ. ಇದು ಮೆಣಸಿನಕಾಯಿಯ ಪ್ರಮಾಣಕ್ಕಿಂತ ನೂರು ಪಟ್ಟು ಹೆಚ್ಚಾದರೂ, ತುಂಡಿನ ಬುಡವನ್ನು ಅದರಲ್ಲಿ ಅದ್ದುವುದು ಒಂದು ನಿಮಿಷಕ್ಕಿಂತ ಕಡಿಮೆ ಹೊತ್ತು. ಬಾಟಲಿಯ ಮುಚ್ಚಳದಲ್ಲಿ ಅಂದಾಜಿನಿಂದ ಸುರಿಯುವ ರೂಢಿ ಇಂತಹ ವಸ್ತುಗಳಿಗೆ ಸಲ್ಲದು. 2,4-ಡಿ ಹೊಡೆದ ಸಿಂಪರಣಾ ಯಂತ್ರವನ್ನು ತರಕಾರಿಗೆ ಬಳಸದೆ ಪ್ರತ್ಯೇಕವಾಗಿಡಬೇಕು; ತಳದಲ್ಲಿ ಉಳಿದ ಶೇಷವೇ ಟೊಮೇಟೊ ಗಿಡಕ್ಕೆ ಹಾನಿಮಾಡಲು ಸಾಕಾಗುತ್ತದೆ.