ರಕ್ತರಸದ ಸಾಕ್ಷ್ಯ

ಜ್ವರ ಬಂದವನ ರಕ್ತವನ್ನು ವೈದ್ಯರು ಪರೀಕ್ಷೆಗೆ ಕಳುಹಿಸುವುದು ನಮಗೆಲ್ಲ ಪರಿಚಿತವಾದ ಸಂಗತಿ. ಆದರೆ ಆ ರಕ್ತದಲ್ಲಿ ಅವರು ಹುಡುಕುವುದು ಏನನ್ನು? ರೋಗ ತಂದ ಸೂಕ್ಷ್ಮಜೀವಿಯನ್ನೋ, ಇಲ್ಲವೆ ಅದು ಬಂದಿತ್ತೆಂಬುದಕ್ಕೆ ದೇಹ ಉಳಿಸಿಕೊಂಡ ಗುರುತನ್ನೋ? ಮೇಲುನೋಟಕ್ಕೆ ಎರಡೂ ಒಂದೇ ಎಂದು ತೋರಬಹುದು. ಕಳ್ಳನನ್ನು ಹಿಡಿಯುವುದಕ್ಕೂ ಕಳ್ಳನ ಹೆಜ್ಜೆಯ ಗುರುತನ್ನು ಕಾಣುವುದಕ್ಕೂ ಇರುವಷ್ಟೇ ವ್ಯತ್ಯಾಸ ಇವೆರಡರ ನಡುವೆ ಇದೆ. 2020ರಲ್ಲಿ ಕೊರೋನಾ ಸೋಂಕು ನಮ್ಮ ನಾಡಿಗೆ ಬಂದಾಗ, ಈ ವ್ಯತ್ಯಾಸವನ್ನು ಅರಿಯದೆ ಜನ ಪಟ್ಟ ಗಲಿಬಿಲಿ ಅಷ್ಟಿಷ್ಟಲ್ಲ.

ಹೊರಗಿನ ಜೀವಿಯೊಂದು ದೇಹವನ್ನು ಹೊಕ್ಕಾಗ, ಅದರ ಮೈಮೇಲಿನ ರಚನೆಗೆ ಹೊಂದಿ ಅಂಟಿಕೊಳ್ಳಬಲ್ಲ ಪ್ರೋಟೀನುಗಳನ್ನು ನಮ್ಮ ದೇಹ ತಯಾರಿಸತೊಡಗುತ್ತದೆ. ಇವೇ ಪ್ರತಿಕಾಯಗಳು. ಮೊದಲು ಕಾಣಿಸಿಕೊಂಡು ಬೇಗನೆ ಕಡಿಮೆಯಾಗುವ ಬಗೆಗೆ ಐಜಿಎಂ ಎಂದೂ, ತುಸು ನಿಧಾನವಾಗಿ ಬಂದು ಬಹುಕಾಲ ನಿಲ್ಲುವ ಬಗೆಗೆ ಐಜಿಜಿ ಎಂದೂ ಹೆಸರು. ರಕ್ತ ಹೆಪ್ಪುಗಟ್ಟಿದ ಮೇಲೆ ತಿಳಿಯಾಗಿ ಉಳಿಯುವ ರಕ್ತರಸದಲ್ಲಿ ಇವು ಇರುತ್ತವೆ. ಆ ರಸವನ್ನು ಪ್ರಶ್ನಿಸಿ ಉತ್ತರ ಪಡೆಯುವ ವಿದ್ಯೆ ಹೊಸದಲ್ಲ. ವಿಷಮಶೀತಜ್ವರಕ್ಕೆ ನಮ್ಮ ಊರೂರಿನ ಪ್ರಯೋಗಾಲಯಗಳಲ್ಲಿ ಮಾಡುತ್ತ ಬಂದಿರುವ ವಿಡಾಲ್ ಪರೀಕ್ಷೆಯನ್ನು ಫ್ರಾನ್ಸಿನ ವಿಡಾಲ್ ಎಂಬ ವೈದ್ಯನು ಪ್ರಕಟಿಸಿದ್ದು 1896ರಲ್ಲಿ.

ಮಲೆನಾಡಿನವರಿಗಂತೂ ಈ ವಿದ್ಯೆಯ ಪರಿಚಯ ಮಂಗನ ಕಾಯಿಲೆಯ ದೆಸೆಯಿಂದ ಹಿಂದೆಯೇ ಆಗಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಹಳ್ಳಿಗಳ ಜನ ಉಗ್ರವಾದ ಜ್ವರಕ್ಕೆ ತುತ್ತಾದರು. ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಬಂದು ವೈರಸ್ಸನ್ನು ಬೇರ್ಪಡಿಸಿದರು. ರಕ್ತರಸದ ಪರೀಕ್ಷೆಗಳಿಂದ ಅದು ರಷ್ಯಾದ ವಸಂತಕಾಲದ ಮಿದುಳುಜ್ವರದ ವೈರಸ್ಸಿನ ಬಳಗಕ್ಕೆ ಸೇರಿದ್ದೆಂದು ತಿಳಿದುಬಂತು. ಆಶ್ಚರ್ಯದ ಸಂಗತಿಯೆಂದರೆ, ಮಂಗನ ಕಾಯಿಲೆಯ ಸುಳಿವೇ ಇಲ್ಲದ ಸೌರಾಷ್ಟ್ರ ಮತ್ತು ಕಛ್ ಕಡೆಯ ಕೆಲವರ ರಕ್ತರಸದಲ್ಲಿಯೂ ಈ ಬಳಗದ ವೈರಸ್ಸಿಗೆ ಸ್ಪಂದಿಸುವ ಪ್ರತಿಕಾಯಗಳು ಸಿಕ್ಕಿದ್ದವು. ಒಂದೇ ಬಳಗದ ವೈರಸ್ಸುಗಳು ಒಂದನ್ನೊಂದು ಹೋಲುವುದರಿಂದ, ಒಂದಕ್ಕಾಗಿ ಹುಟ್ಟಿದ ಪ್ರತಿಕಾಯ ಇನ್ನೊಂದಕ್ಕೂ ಅಂಟಬಹುದು. ಹೆಜ್ಜೆಯ ಗುರುತು ಕಂಡಿತೆಂದ ಮಾತ್ರಕ್ಕೆ ಅದು ಇಂಥವನದೇ ಎಂದು ಹೇಳಲಾಗದು ಎಂಬ ಪಾಠ ಅಂದೇ ದೊರೆತಿತ್ತು.

ಎರಡನೆಯ ಪಾಠ ಕಾಲಕ್ಕೆ ಸಂಬಂಧಿಸಿದ್ದು. ಉಮ್ಮಚಗಿಯ ಕಡೆಯ ಕೃಷಿಕನೊಬ್ಬ ಮಾಘಮಾಸದ ದಿನಗಳಲ್ಲಿ ಸೊಪ್ಪಿನ ಬೆಟ್ಟಕ್ಕೆ ಹೋಗಿಬಂದು ಜ್ವರದಿಂದ ಮಲಗಿದನೆನ್ನಿ. ಅದು ಮಂಗನ ಕಾಯಿಲೆ ಇರಬಹುದು. ಸಿದ್ದಾಪುರ ತಾಲ್ಲೂಕಿನಲ್ಲಿ 2024ರ ಆರಂಭದಲ್ಲಿಯೂ ಅದು ಕಾಡಿತ್ತು. ಡೆಂಗಿ ಇರಬಹುದು, ಕೊರೋನಾ ಇರಬಹುದು, ಸಾಮಾನ್ಯ ಶೀತಜ್ವರವೂ ಇರಬಹುದು. ಆಗ ವೈದ್ಯರು ತಪ್ಪದೆ ಕೇಳುವ ಪ್ರಶ್ನೆ: ಜ್ವರ ಬಂದು ಎಷ್ಟು ದಿನವಾಯಿತು? ಮಂಗನ ಕಾಯಿಲೆಯಲ್ಲಿ ಮೊದಲ ಕೆಲವು ದಿನ ವೈರಸ್ಸೇ ರಕ್ತದಲ್ಲಿ ಹರಿಯುತ್ತಿರುತ್ತದೆ. ಆಗ ಅದನ್ನೇ ಹುಡುಕಬೇಕು. ಆಮೇಲೆ ಅದು ಮರೆಯಾಗುತ್ತ ಪ್ರತಿಕಾಯಗಳು ತಲೆಯೆತ್ತುತ್ತವೆ. ಆಗ ಐಜಿಎಂ ಪರೀಕ್ಷೆ ಸಾರ್ಥಕ.

ಕೊರೋನಾದ ವಿಷಯದಲ್ಲಿಯೂ ನ್ಯಾಯ ಇದೇ. ಅದರ ವೈರಸ್ಸು ಮೊದಲ ದಿನಗಳಲ್ಲಿ ಹೇರಳವಾಗಿ ಇರುವುದು ಮೂಗು ಗಂಟಲುಗಳಲ್ಲಿ. ಆರ್‌ಟಿ-ಪಿಸಿಆರ್ ಪರೀಕ್ಷೆಗೆ ಅಲ್ಲಿಂದ ದ್ರವ ತೆಗೆಯುವುದು ಆ ಕಾರಣಕ್ಕೆ. ರಕ್ತದಲ್ಲಿ ಪ್ರತಿಕಾಯಗಳು ಅಳತೆಗೆ ಸಿಗುವಷ್ಟು ಹೆಚ್ಚಲು ಸಾಮಾನ್ಯವಾಗಿ ಒಂದರಿಂದ ಎರಡು ವಾರ ಬೇಕು. ರೋಗಿ ಇತರರಿಗೆ ಸೋಂಕು ಹಂಚುವುದು ಹೆಚ್ಚಾಗಿ ಅದಕ್ಕೂ ಮೊದಲೇ. ಮೂರನೆಯ ದಿನ ರಕ್ತ ಪರೀಕ್ಷಿಸಿ, ಪ್ರತಿಕಾಯ ಇಲ್ಲವಾದ್ದರಿಂದ ಸೋಂಕೂ ಇಲ್ಲ ಎನ್ನುವುದು, ಬಿತ್ತಿದ ಮರುದಿನ ಗದ್ದೆಗೆ ಹೋಗಿ ಮೊಳಕೆ ಕಾಣಲಿಲ್ಲವೆಂದು ಬೀಜವನ್ನು ಹಳಿದಂತೆ. ಆ ಮಾತನ್ನು ನಂಬಿ ಮದುವೆಮನೆಗೆ ಹೋದವನು ತನ್ನ ಜೊತೆಗೆ ಏನನ್ನು ಒಯ್ದಾನು ಎಂಬುದನ್ನು ವಿವರಿಸಬೇಕಾಗಿಲ್ಲ.

2020ರ ಏಪ್ರಿಲಿನಲ್ಲಿ ನಡೆದ ಪ್ರಸಂಗವನ್ನು ಇಲ್ಲಿ ನೆನೆಯಬಹುದು. ಬೆರಳ ತುದಿಯ ಒಂದು ಹನಿ ರಕ್ತದಿಂದ ಕೆಲವೇ ನಿಮಿಷಗಳಲ್ಲಿ ಉತ್ತರ ಕೊಡುವ ಪ್ರತಿಕಾಯ ಕಿಟ್ಟುಗಳು ಚೀನಾದಿಂದ ಬಂದು ರಾಜ್ಯಗಳಿಗೆ ಹಂಚಿಕೆಯಾದವು. ಇವು ಸೋಂಕಿನ ಹರಹನ್ನು ತಿಳಿಯುವುದಕ್ಕೆ ಮಾತ್ರ, ರೋಗನಿರ್ಣಯಕ್ಕಲ್ಲ ಎಂದು ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿ ಹೇಳಿತ್ತು. ಆದರೆ ಸೋಂಕು ಖಚಿತವಾಗಿದ್ದವರಲ್ಲಿಯೂ ಬಹುಮಂದಿಯನ್ನು ಅವು ಗುರುತಿಸುತ್ತಿಲ್ಲವೆಂದು ರಾಜಸ್ಥಾನದಿಂದ ದೂರು ಬಂತು. ಏಪ್ರಿಲ್ 21ರಂದು ಮಂಡಲಿ ಬಳಕೆಯನ್ನು ತಡೆಹಿಡಿಯಿತು. 27ರಂದು ಎರಡು ಸಂಸ್ಥೆಗಳ ಕಿಟ್ಟುಗಳನ್ನು ಹಿಂದಿರುಗಿಸುವಂತೆ ತಿಳಿಸಿತು.

ಕಿಟ್ಟು ಒಳ್ಳೆಯದೇ ಆಗಿದ್ದರೂ ಇನ್ನೊಂದು ತೊಡಕು ಇದ್ದೇ ಇದೆ. ಒಂದು ಸಣ್ಣ ಲೆಕ್ಕವನ್ನು ಊಹಿಸಿಕೊಳ್ಳೋಣ. ಒಂದು ಊರಿನಲ್ಲಿ 1000 ಜನ. ಅವರಲ್ಲಿ ಸೋಂಕು ತಗುಲಿದ್ದವರು 20 ಮಂದಿ. ಪರೀಕ್ಷೆಯು ಸೋಂಕು ತಗುಲಿದ್ದ ನೂರರಲ್ಲಿ 90 ಮಂದಿಯನ್ನು ಸರಿಯಾಗಿ ಹಿಡಿಯುತ್ತದೆ. ತಗುಲದ ನೂರರಲ್ಲಿ 5 ಮಂದಿಯನ್ನು ಮಾತ್ರ ತಪ್ಪಾಗಿ ಹಿಡಿಯುತ್ತದೆ. ಕೇಳಲು ಚೆನ್ನಾಗಿಯೇ ಇದೆ. ಆದರೆ ಆ 20ರಲ್ಲಿ ಸಿಕ್ಕವರು 18. ಉಳಿದ 980ರಲ್ಲಿ ತಪ್ಪಾಗಿ ಸಿಕ್ಕವರು 49. ಒಟ್ಟು 67 ಮಂದಿಗೆ ‘ನಿಮ್ಮಲ್ಲಿ ಪ್ರತಿಕಾಯವಿದೆ’ ಎಂಬ ಚೀಟಿ ದೊರೆತರೆ, ಅದು ನಿಜವಾಗಿರುವುದು 18 ಮಂದಿಗೆ ಮಾತ್ರ. ಉಳಿದವರು ತಮಗೆ ರಕ್ಷೆಯುಂಟೆಂದು ನಂಬಿ ಎಚ್ಚರಿಕೆಯನ್ನು ಬಿಟ್ಟರೆ ಆ ಚೀಟಿಯೇ ಅಪಾಯಕ್ಕೆ ದಾರಿ. ಸೋಂಕು ವಿರಳವಾಗಿದ್ದಷ್ಟೂ ಇಂಥ ಹುಸಿ ಉತ್ತರಗಳ ಪಾಲು ಹೆಚ್ಚು.

ಹಾಗಾದರೆ ಪ್ರತಿಕಾಯ ಪರೀಕ್ಷೆ ನಿರರ್ಥಕವೆ? ಅಲ್ಲ. ಒಬ್ಬನ ಕುರಿತು ತಡವರಿಸಿ ನುಡಿಯುವ ಈ ಸಾಕ್ಷಿ, ಒಂದು ನಾಡಿನ ಕುರಿತು ಬಹಳಷ್ಟನ್ನು ಹೇಳಬಲ್ಲದು. ಪರೀಕ್ಷೆಯ ತಪ್ಪಿನ ಪ್ರಮಾಣ ಗೊತ್ತಿದ್ದರೆ ಗುಂಪಿನ ಲೆಕ್ಕದಲ್ಲಿ ಅದನ್ನು ಸರಿದೂಗಿಸಬಹುದು. ಮಂಗನ ಕಾಯಿಲೆಯನ್ನು ಗುರುತಿಸಿದ ಪುಣೆಯ ಆ ಕೇಂದ್ರವೇ 1978ರಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆ ಎಂಬ ಹೆಸರು ಪಡೆಯಿತು. 2020ರ ಮೇ ತಿಂಗಳಲ್ಲಿ ಅದು ‘ಕವಚ್’ ಎಂಬ ಎಲಿಸಾ ಪರೀಕ್ಷೆಯನ್ನು ರೂಪಿಸಿತು. ಎಲಿಸಾ ಎಂಬುದು 1971ರಲ್ಲಿ ಸ್ವೀಡನ್ನಿನಲ್ಲಿ ಬಳಕೆಗೆ ಬಂದ ವಿಧಾನ: ನಿಷ್ಕ್ರಿಯಗೊಳಿಸಿದ ವೈರಸ್ಸನ್ನೋ ಅದರ ತುಣುಕನ್ನೋ ಪುಟ್ಟ ಗುಳಿಗಳಲ್ಲಿ ಅಂಟಿಸಿ, ಮೇಲೆ ರಕ್ತರಸ ಹನಿಸಿದರೆ, ಪ್ರತಿಕಾಯವಿದ್ದಲ್ಲಿ ಬಣ್ಣ ಮೂಡುತ್ತದೆ. ಕವಚ್‌ನಿಂದ ಎರಡೂವರೆ ಗಂಟೆಯಲ್ಲಿ 90 ಮಾದರಿಗಳನ್ನು ಒಟ್ಟಿಗೆ ನೋಡಬಹುದಾಗಿತ್ತು.

ಇಂಥ ಸಮೀಕ್ಷೆಗಳು ಕಂಡುಕೊಂಡದ್ದನ್ನು ಕೇಳಿ. ದೇಶದ ವಯಸ್ಕರಲ್ಲಿ 2020ರ ಮೇ–ಜೂನ್ ವೇಳೆಗೆ ಸೋಂಕು ತಗುಲಿದ್ದವರು ಶೇಕಡ 0.73 ಎಂದಿದ್ದ ಅಂದಾಜು, 2021ರ ಜೂನ್–ಜುಲೈ ಸಮೀಕ್ಷೆಯಲ್ಲಿ, ಮಕ್ಕಳನ್ನೂ ಲಸಿಕೆ ಪಡೆದವರನ್ನೂ ಒಳಗೊಂಡು, ಶೇಕಡ 67.6ಕ್ಕೆ ಏರಿತ್ತು. ಕರ್ನಾಟಕ ಸರ್ಕಾರ 2020ರ ಸೆಪ್ಟೆಂಬರಿನಲ್ಲಿ ನಡೆಸಿದ ಸಮೀಕ್ಷೆ, ಹಿಂದೆ ಸೋಂಕು ತಗುಲಿದ್ದವರೂ ಆಗ ಸೋಂಕಿದ್ದವರೂ ಸೇರಿ ರಾಜ್ಯದ ಶೇಕಡ 27.3 ಮಂದಿ ಎಂದು ತಿಳಿಸಿತು. ಆ ವೇಳೆಗೆ ರೋಗಿಗಳೆಂದು ದಾಖಲಾಗಿದ್ದವರು ಐದು ಲಕ್ಷದ ಆಸುಪಾಸು. ಸಮೀಕ್ಷೆಯ ಲೆಕ್ಕದಲ್ಲಿ ಸುಮಾರು 1.93 ಕೋಟಿ! ಅದಕ್ಕೂ ತುಸು ಮೊದಲು, ಜೂನ್‌ನಿಂದ ಆಗಸ್ಟ್‌ವರೆಗೆ, ಮನೆಮನೆಯಿಂದ ರಕ್ತ ಸಂಗ್ರಹಿಸಿದ ಇನ್ನೊಂದು ಅಧ್ಯಯನದ ಅಂದಾಜು ಶೇಕಡ 46.7 ಇತ್ತು. ಒಂದೇ ನಾಡು, ಹತ್ತಿರ ಹತ್ತಿರದ ದಿನಗಳು, ಉತ್ತರ ಮಾತ್ರ ಬೇರೆ. ರಕ್ತವನ್ನು ಆರಿಸಿಕೊಂಡ ಜನ ಬೇರೆ, ಪರೀಕ್ಷೆಯ ಬಗೆಯೂ ಬೇರೆ. ಅಂಕಿಯ ಬೆನ್ನಿಗೆ ಅದನ್ನು ಪಡೆದ ರೀತಿಯನ್ನೂ ಕೇಳಿ ತಿಳಿಯಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ. ಆದರೂ ಒಂದು ಮಾತಿನಲ್ಲಿ ಎರಡೂ ಒಮ್ಮತ: ಸೋಂಕು ನಮ್ಮ ಕಣ್ಣಿಗೆ ಬಿದ್ದುದಕ್ಕಿಂತ ಬಹಳ ದೂರ ಹಬ್ಬಿತ್ತು.

2021ರ ಜನವರಿ 16ರಿಂದ ಲಸಿಕೆ ಕಾರ್ಯ ಆರಂಭವಾದ ಮೇಲೆ ಸಾಕ್ಷ್ಯ ಇನ್ನಷ್ಟು ಜಟಿಲವಾಯಿತು. ಕೋವಿಶೀಲ್ಡ್ ವೈರಸ್ಸಿನ ಮೈಮೇಲಿನ ಮುಳ್ಳಿನ ಪ್ರೋಟೀನಿಗಷ್ಟೇ ಪ್ರತಿಕಾಯ ಹುಟ್ಟಿಸುತ್ತದೆ. ಇಡೀ ವೈರಸ್ಸನ್ನು ನಿಷ್ಕ್ರಿಯಗೊಳಿಸಿ ಮಾಡಿದ ಕೋವ್ಯಾಕ್ಸಿನ್ ಒಳಗಿನ ಪ್ರೋಟೀನಿಗೂ ಹುಟ್ಟಿಸಬಲ್ಲದು. ಯಾವ ಪ್ರೋಟೀನಿನ ಎದುರು ಪರೀಕ್ಷೆ ನಡೆಯಿತೆಂದು ತಿಳಿಯದೆ, ಪ್ರತಿಕಾಯ ರೋಗದಿಂದ ಬಂತೇ ಲಸಿಕೆಯಿಂದ ಬಂತೇ ಎಂದು ಹೇಳಲಾಗದು. ಇನ್ನು ಕಾಲ ಕಳೆದಂತೆ ಪ್ರತಿಕಾಯದ ಮಟ್ಟ ಇಳಿದರೆ ರಕ್ಷೆಯೆಲ್ಲ ಹೋಯಿತೆಂದು ಕಂಗೆಡಬೇಕಾಗಿಯೂ ಇಲ್ಲ. ಹಿಂದಿನ ಪರಿಚಯವನ್ನು ನೆನಪಿಟ್ಟ ಜೀವಕೋಶಗಳು ದೇಹದಲ್ಲಿ ಉಳಿದಿರುತ್ತವೆ.

ನ್ಯಾಯಸ್ಥಾನದಲ್ಲಿ ಜಾಣನಾದ ವಕೀಲನು ಸಾಕ್ಷಿಯನ್ನು ಅವನು ಕಂಡದ್ದರ ಬಗ್ಗೆ ಮಾತ್ರ ಕೇಳುತ್ತಾನೆ. ರಕ್ತರಸವನ್ನೂ ಹಾಗೆಯೇ ಕೇಳಬೇಕು. ‘ಈ ವೈರಸ್ಸು ಹಿಂದೆ ಇತ್ತ ಬಂದಿತ್ತೆ?’ ಎಂದರೆ ಅದು ತಕ್ಕಮಟ್ಟಿಗೆ ನಂಬಬಹುದಾದ ಉತ್ತರ ಕೊಡುತ್ತದೆ. ‘ಈಗ ಇದೆಯೆ?’ ಎಂಬ ಪ್ರಶ್ನೆಯನ್ನು ಗಂಟಲ ದ್ರವಕ್ಕೆ ಬಿಡುವುದೇ ಮೇಲು. ‘ಮುಂದೆ ಬಾರದೆ?’ ಎಂದರೆ, ಆ ಭರವಸೆಯನ್ನು ಯಾವ ಪರೀಕ್ಷೆಯ ಚೀಟಿಯೂ ಕೊಡಲಾರದು.